ದವಾಖಾನಿ ಸುಣ್ಣದ ಗೌರಿ

ಹೋದ ಶ್ರಾವಣದಾಗ ಬಚ್ಚಲದಾಗ ಜಾರಿ ಬಿದ್ದು ಎಡಗೈ ಮುರಕೊಂಡೆ. ಜತ್ತದ ದವಾಖಾನಿಯೊಳಗ ಸಣ್ಣ ವಯಸ್ಸಿನ ಡಾಕ್ಟರಬಾಯಿ ಒಬ್ಬಾಕಿ ಬಿಳಿ ಪಟ್ಟಿಯ ಸುರಳಿ ತಗೊಂಡು ಬೋಗಾಣಿ ನೀರಾಗ ಅದ್ದಿದಳು. ಗುಳುಗುಳು ಗುಳ್ಳಿ ಎದ್ದುವು, ಅದರ ಬೆನ್ನಿಗೆ ಆ ವಾಸನಿ ಎದ್ದಿತು. ಹೊಸ ಗಡಗಿಗೆ ಮೊದಲನೇ ಸಲ ನೀರು ತುಂಬಿದಾಗ ಬರತೈತಲ್ಲ, ಅದರ ಹಂಗ, ಆದರ ಮಣ್ಣಿನ ರುಚಿ ಇಲ್ಲದ್ದು. ಸುಣ್ಣ ಬಳದ ಗ್ವಾಡಿ ಹಸಿ ಇದ್ದಾಗಿನ ಹಂಗ, ಆದರ ಮೂಗು ಸುಡದ್ದು. ಪಟ್ಟಿ ಕೈಗೆ ಸುತ್ತಿದಾಗ ಮೊದಲು ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಬಿಸಿ ಏರಾಕ ಹತ್ತಿತು. ನಾನು ಕೈ ಎಳಕೊಂಡೆ. "ನೋವಾತೇನ್ರಿ ಅಜ್ಜಿ?" ಅಂದಳು. "ನೋವಲ್ಲ ತಂಗಿ. ಇದು ಬಿಗಿಯೂಮುಂದ ಬಿಸಿ ಆಗತೈತಿ, ನನಗ ಗೊತ್ತೈತಿ," ಅಂದೆ. "ಮೊದಲ ಯಾವಾಗ ಮುರಕೊಂಡಿದ್ರಿ?" ಅಂತ ಕೇಳಿದಳು. ನಾನು ಮುರಕೊಂಡಿರಲಿಲ್ಲ. ಹನ್ನೊಂದು ವರ್ಷದಾಕಿ ಇದ್ದಾಗ ಅದನ್ನ ಮಾರಿಗೆ ಹಾಕಿಸಿಕೊಂಡಿದ್ದೆ. ಅಕಿಗೆ ಹೇಳಲಿಲ್ಲ, ನನ್ನ ಹಿಂದ ಹತ್ತು ಮಂದಿ ನಿಂತಿದ್ರು. ನಿಮಗ ಹೇಳತೀನಿ. ನಾನು ಸಾಲಿ ಕಲತದ್ದು ಮೂರನೇತ್ತಿ ತನಕಾ. ಅಕ್ಷರ ತಪ್ಪಿದ್ರ ತಿದ್ದಿ ಓದ್ರಿ.

ನಮ್ಮ ಮನಿ ವಳಸಂಗದಾಗಿತ್ತು. ಈಗ ಆ ಜಾಗಾದಾಗ ಯಾರದೋ ಟ್ರ್ಯಾಕ್ಟರ್ ನಿಂದರತೈತಿ. ಮಾಳಿಗಿ ಮನಿ, ಮಣ್ಣಿನ ಗ್ವಾಡಿ ಎರಡು ಮೊಳ ದಪ್ಪ. ಮುಂದ ದನ, ನಡುವ ಪಡಸಾಲಿ, ಹಿಂದ ಅಡಗಿ ಮನಿ, ಅದರ ಬಾಜೂಕ ಒಂದು ಕತ್ತಲ ಖೋಲಿ. ಖಿಡಕಿ ಅನ್ನೂದು ಇರಲಿಲ್ಲ. ಮಾಳಿಗಿಗೆ ಒಂದು ಬೆಳಕಿಂಡಿ, ಮಳಿ ಬಂದ್ರ ಅದರ ಮ್ಯಾಲ ಒಂದು ಗಡಗಿ ಡಬ್ಬ ಹಾಕತಿದ್ವಿ, ಆಗ ಹಗಲ ಹೊತ್ತಿನಾಗೂ ಒಬ್ಬರ ಮಾರಿ ಒಬ್ಬರಿಗೆ ಕಾಣತಿರಲಿಲ್ಲ. ಜ್ವಾಳದ ಧೂಳು, ಎಮ್ಮಿ ಗಂಜಳ, ಕುಸುಬಿ ಎಣ್ಣಿ ಒಗ್ಗರಣಿ, ಆಯಿಯ ವಿಭೂತಿ, ಎಲ್ಲಾ ವಾಸನಿ ಒಳಗ ಬಂದ ಮ್ಯಾಲ ಹೊರಗ ಹೋಗಾಕ ಹಾದಿ ಇಲ್ಲದ ಅಲ್ಲೇ ತಿರುಗತಿದ್ವು. ನಿಮಗೂ ಅಂಥಾ ಒಂದು ಮನಿ ಇದ್ದಿರಬೇಕು, ಬಿದ್ದಿರಬೇಕು. ಬಿದ್ದ ಮನಿ ನೆನದು ಮಂದಿ ಕಣ್ಣೀರು ತಗೀತಾರ. ನನಗ ನೀರು ಬರೂದಿಲ್ಲ, ಉಸರು ಕಟ್ಟತೈತಿ. ಆದ್ರೂ ಕಣ್ಣು ಮುಚ್ಚಿ ಕೈ ಚಾಚಿದ್ರ ಇವತ್ತೂ ಉಪ್ಪಿನ ಗಡಗಿ ಯಾವ ಮೂಲ್ಯಾಗ ಐತಿ, ಒನಕಿ ಯಾವ ಕಂಬಕ್ಕ ಆನಿಸೈತಿ, ಹೇಳಬಲ್ಲೆ. ಆ ಮನಿಯೊಳಗ ನಮ್ಮಪ್ಪನ ತಾಯಿ, ಆಕಿಗೆ ನಾವು ಆಯಿ ಅಂತಿದ್ವಿ, ಆಕಿ ಹೇಳಿದ್ದ ಮಾತು ನಡೀತಿತ್ತು. ಅಪ್ಪ ಹೊಲಾ ನೋಡತಿದ್ದ, ಅವ್ವ ಒಲಿ ನೋಡತಿದ್ದಳು. ಅಪ್ಪನ ತಮ್ಮ ಸಂಗಪ್ಪ ಕಾಕಾ ಲಗ್ನ ಆಗಿರಲಿಲ್ಲ. ಮತ್ತ ನಾನು, ಶೇವಂತಿ.

ಕಾಕಾ ಒಂದು ವರ್ಷ ಬಾವಿ ತೋಡೂಮುಂದ ಕಲ್ಲು ಜಾರಿ ಬಿದ್ದು ತೊಡಿ ಮುರಕೊಂಡ. ಮೀರಜದ ದವಾಖಾನಿಗೆ ಒಯ್ದರು. ಮೂರು ತಿಂಗಳು ಕಾಲು ತೂಗಹಾಕಿಕೊಂಡು ಮಲಗಿದ್ದ. ಬ್ಯಾರೇದವರು ಮಲಗಿ ಶಿವಾ ಶಿವಾ ಅಂತಾರ, ನಮ್ಮ ಕಾಕಾ ಅಲ್ಲಿ ಪ್ಲಾಸ್ಟರ್ ಕಲಸೂ ಮನಶಾನ ದೋಸ್ತಿ ಮಾಡಿಕೊಂಡು ಅದನ್ನ ಹೆಂಗ ಕಲಸೂದು, ಎಷ್ಟು ಹೊತ್ತಿಗೆ ಬಿಗೀತೈತಿ, ಎಲ್ಲಾ ನೋಡಿಕೊಂಡ. ತಿರುಗಿ ಬಂದಾಗ ಒಂದು ಕಾಲು ಗಿಡ್ಡ ಆಗಿತ್ತು, ಹೆಗಲ ಮ್ಯಾಲ ಒಂದು ಚೀಲ ಬಿಳಿ ಹಿಟ್ಟು ಇತ್ತು. ಇನ್ನ ನೇಗಿಲಿನ ಹಿಂದ ನಡಿಯಾಕ ಆಗೂದಿಲ್ಲ, ಇದರಿಂದ ಗೊಂಬಿ ಮಾಡಿ ಸಂತಿಯೊಳಗ ಮಾರತೀನಿ ಅಂದ. "ಏನಂತಾರೋ ಇದಕ್ಕ?" ಅಂದಳು ಆಯಿ. "ಪ್ಯಾರಿಸ್ ಪ್ಲಾಸ್ಟರ್, ಅವ್ವಾ." "ಪ್ಯಾರಿಸ್ ಅಂದ್ರ ಏನೋ?" "ಊರು." "ಪಂಢರಪೂರದ ಈಚೆಗೋ ಆಚೆಗೋ?" "ಭಾಳ ಆಚೆಗೆ." ಆಯಿ ಒಂದು ಚಿಟಿಗಿ ತಗೊಂಡು ನಾಲಿಗಿ ಮ್ಯಾಲ ಇಟ್ಟುಕೊಂಡು ಉಗುಳಿದಳು. "ಅಷ್ಟು ದೂರದಿಂದ ಸುಣ್ಣ ಹೊತಗೊಂಡು ಬಂದಿ. ಖಾರನೂ ಇಲ್ಲ ಅದಕ್ಕ." ಅವತ್ತಿನಿಂದ ನಮ್ಮನಿಯೊಳಗ ಅದರ ಹೆಸರು ದವಾಖಾನಿ ಸುಣ್ಣ ಆತು.

ಜತ್ತದ ಸಂಸ್ಥಾನ ಹೋಗಿ ಆಗ ಮೂರು-ನಾಕು ವರ್ಷ ಆಗಿದ್ದಾವು. ಅದ ವರ್ಷ ನನ್ನ ಸಾಲಿ ಬಿಡಿಸಿದ್ರು. ದೊಡ್ಡಾಕಿ ಆಗಾಕ ಬಂದಾಳ, ಸಾಕು, ಅಂದಳು ಆಯಿ. ಪಾಟಿ ಪುಸ್ತಕ ಕಟ್ಟಿ ಅಟ್ಟದ ಮ್ಯಾಲ ಇಟ್ಟರು, ನನ್ನನ್ನ ಕಾಕಾನ ಕೈಯಾಗ ಕೊಟ್ಟರು. ಕತ್ತಲ ಖೋಲಿಯೊಳಗ ಕೆಲಸ. ಹೊರಗ ಗಾಳಿ, ಧೂಳು, ಹಸೀ ಗೊಂಬಿಗೆ ಹತ್ತಿದ್ರ ಕೆಡತೈತಿ ಅಂತ ಬಾಗಲಾ ಹಾಕಿಕೊಳ್ಳತಿದ್ವಿ. ಒಡದ ಗಡಗಿ ತಳದಾಗ ನೀರು ಹಾಕೂದು, ನೀರಾಗ ಹಿಟ್ಟು ಉದರಿಸೂದು. ಹಿಟ್ಟಿಗೆ ನೀರು ಹಾಕಿದ್ರ ಗಂಟಾಗತೈತಿ. ಹಿಟ್ಟು ತಾನ ಮುಣಗೂ ತನಕಾ ಮುಟ್ಟಬಾರದು. ಮುಣಗಿದ ಮ್ಯಾಲ ಒಂದ ಕೈಲೆ, ಒಂದ ದಿಕ್ಕಿಗೆ, ಮಜ್ಜಿಗಿಯೊಳಗ ಬೆಣ್ಣಿ ಹುಡುಕಿದಂಗ ಆಡಿಸೂದು. ಗಟ್ಟಿ ಹಾಲಿನಂಗ ಆತಂದ್ರ ಅಚ್ಚಿಗೆ ಹೊಯ್ಯೂದು. ತಡಾ ಮಾಡಿದ್ರ ಗಡಗಿಯೊಳಗ ಕಲ್ಲು. ಒಂದು ಸಲ ನಾನು ಉಳದದ್ದನ್ನ ಬಚ್ಚಲ ಮೋರ್ಯಾಗ ಸುರುವಿದೆ. ಮೋರಿ ಕಟ್ಟಿ, ಅವ್ವ ಹಾರಿ ತಗೊಂಡು ಎರಡು ದಿನ ಕುಟ್ಟಿದಳು, ನಡುನಡುವ ನನ್ನ ಬೆನ್ನಿಗೂ ಒಂದೊಂದು. ಗಿಳಿ, ಬಸವಣ್ಣ, ಮಾವಿನಕಾಯಿ, ಪೇರಲಹಣ್ಣು ಮಾಡತಿದ್ವಿ. ಒಣಗಿದ ಗಿಳಿಗೆ ನಾನು ಹಸರು ಬಣ್ಣ ಹಚ್ಚತಿದ್ದೆ. ಹೊರಗ ನನ್ನ ವಾರಗಿ ಹುಡುಗ್ಯಾರು ಕುಂಟಲಪಿ ಆಡೂದು ಗ್ವಾಡಿಯೊಳಗಿಂದ ಕೇಳತಿತ್ತು. ಯಾರು ಔಟ್ ಆದರು ಅನ್ನೂದು ಕೂಗು ಕೇಳಿ ಹೇಳತಿದ್ದೆ. ಗಿಳಿಗೆ ಬಾಗಲಾ ತೆಗದ್ರೂ ಹಾರಾಕ ಬರತಿರಲಿಲ್ಲ, ನನಗೂ ಬರತಿರಲಿಲ್ಲ.

ನನಗ ಒಬ್ಬಾಕಿ ಅಕ್ಕ, ನೀಲವ್ವ. ಏಳು ವರ್ಷ ದೊಡ್ಡಾಕಿ. ಶೇಗಾಂವಕ್ಕ ಕೊಟ್ಟು ಐದು ವರ್ಷಾಗಿತ್ತು. ಆ ವರ್ಷ ಪಂಚಮಿಗೆ ತವರಿಗೆ ಬಂದಿದ್ದಳು. ಪಂಚಮಿ ಆಗಿ ನಾಕು ದಿನಕ್ಕ ಗಂಡನ ಮನಿಯವರು ಬಂದು ಕರಕೊಂಡು ಹೋಗೂದು ರೂಢಿ. ಎಂಟು ದಿನ ಆತು, ಹದಿನೈದು ಆತು, ಯಾರೂ ಬರಲಿಲ್ಲ. ಅಕ್ಕ ದಿನಾ ಮುಂಜಾನೆ ತಲಿ ಹಿಕ್ಕೊಂಡು, ಹೋಗಾಕ ತಯಾರ ಅನ್ನೂಹಂಗ ಚಲೋ ಸೀರಿ ಉಟ್ಟು ಕುಂದರತಿದ್ದಳು. ಆಮ್ಯಾಲ ಉಡೂದು ಬಿಟ್ಟಳು. ನೀರಿಗೆ ಹೋದ್ರ ಬಾವಿ ಮ್ಯಾಲಿನ ಹೆಂಗಸರು, "ಇನ್ನಾ ಬಂದಿಲ್ಲೇನವಾ ಶೇಗಾಂವದವರು? ಎತ್ತಿನ ಕಾಲಿಗೆ ಮುಳ್ಳು ಮುರದಿರಬೇಕು," ಅಂತಿದ್ರು. ಅಕ್ಕ ಕೊಡ ಹೊತಗೊಂಡು ಬರತಿದ್ದಳು, ತಿರುಗಿ ಮಾತಾಡತಿರಲಿಲ್ಲ. ಮಕ್ಕಳಾಗಿರಲಿಲ್ಲ, ಅದಷ್ಟ ಅಕಿ ತಪ್ಪು. ಕಡೀಕ ನೀರಿಗೆ ಹೋಗೂದೂ ಬಿಟ್ಟಳು, ಕತ್ತಲ ಖೋಲಿಯೊಳಗ ನಮ್ಮ ಜೋಡಿ ಬಂದು ಕುಂತಳು. ಅಕಿ ಕೈ ತಣ್ಣಗಿದ್ವು, ಹಿಟ್ಟು ಲಗೂನ ಬಿಗೀತಿರಲಿಲ್ಲ. ಕಾಕಾಗ ಅದು ಭಾಳ ಸೇರತಿತ್ತು.

ಭಾದ್ರಪದ ಬಂತು. ನಮ್ಮ ಕಡೆ ಆಗ ಗೌರಿ ಕೂಡಸೂದು ದೊಡ್ಡ ಹಬ್ಬ. ಇಬ್ಬರು ಗೌರ್ಯಾರು, ಹಿರೇ ಗೌರಿ, ಕಿರೇ ಗೌರಿ, ಅಕ್ಕ-ತಂಗಿ. ಒಬ್ಬೊಬ್ಬಾಕಿಗೆ ಡಬ್ಬಿ ಮ್ಯಾಲ ಡಬ್ಬಿ ಇಟ್ಟು ಸೀರಿ ಉಡಿಸಿ ಮ್ಯಾಲ ಮಾರಿ ಇಡೂದು. ಇದ್ದವರ ಮನಿಯಾಗ ಹಿತ್ತಾಳಿ ಮಾರಿ, ಇಲ್ಲದವರು ತಂಬಿಗಿಗೆ ಅರಿಷಿಣ ಬಳದು ಕಾಡಿಗಿಲೆ ಕಣ್ಣು ತಗೀತಿದ್ರು. ಕಾಕಾ ಲೆಕ್ಕ ಹಾಕಿದ, ದವಾಖಾನಿ ಸುಣ್ಣದ ಮಾರಿ ಮಾಡಿದ್ರ ಊರೂರಿಗೆ ಹೋಗತಾವ. ಮೊದಲು ತನ್ನ ಕೈಲೆ ಮಣ್ಣಿನ ಅಚ್ಚು ತಿದ್ದಿ ಒಂದು ತಗದ. ಆಯಿ ಅದನ್ನ ಬೆಳಕಿಂಡಿ ಕೆಳಗ ಹಿಡದು ನೋಡಿ, "ಗೌರಿ ಅಲ್ಲಿದು, ಮೀಸಿ ಬೋಳಿಸಿದ ಗೌಡ," ಅಂದಳು. ನಮ್ಮವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಕಾಕಾಗ ಸಿಟ್ಟು ಬಂತು. ದವಾಖಾನಿಯೊಳಗ ಕಾಲಿನ ಮ್ಯಾಲಿಂದ ಬಿಚ್ಚಿದ ಪ್ಲಾಸ್ಟರಿನ ಒಳಗ ತನ್ನ ಮೊಣಕಾಲು ಹೆಂಗಿತ್ತೋ ಹಂಗ ಕಂಡಿತ್ತಂತ. ಜೀವ ಇದ್ದ ಮಾರಿ ಮ್ಯಾಲಿಂದ ಅಚ್ಚು ತಗೀತೀನಿ, ನೀಲಾನ ಮಾರಿ ಗೌರಿ ಹಂಗ ಐತಿ, ಅಂದ. ಖರೇನ ಇತ್ತು. ಅಕ್ಕ ಮಾರಿ ತೊಳಕೊಂಡು ಬರಾಕ ಎದ್ದೂ ಎದ್ದಳು. ಆಯಿ ವಿಭೂತಿ ಗಟ್ಟಿ ಮುರಕೋಂತ, ಮ್ಯಾಲ ನೋಡದ ಅಂದಳು: "ಮಕ್ಕಳಿಲ್ಲದಾಕಿ ಮಾರಿ ಗೌರಿಗೆ ಬ್ಯಾಡ. ಶೇವಂತಿನ್ನ ಮಲಗಿಸು." ಎದ್ದ ಅಕ್ಕ ಮಾರಿ ತೊಳಕೊಳ್ಳಲಿಲ್ಲ, ನನ್ನ ಮಾರಿಗೆ ಹಚ್ಚಾಕ ಔಡಲೆಣ್ಣಿ ಬಟ್ಟಲ ತಗೊಂಡು ಬಂದಳು.

ಖೋಲಿಯೊಳಗ ಚಾಪಿ ಹಾಸಿ ನನ್ನ ಮಲಗಿಸಿದ್ರು. ಅಕ್ಕ ಹಣಿ, ಹುಬ್ಬು, ಗಲ್ಲ, ಗದ್ದ, ಎಲ್ಲಾ ಕಡೆ ಎಣ್ಣಿ ಹಚ್ಚಿದಳು, ಕೂದಲಾ ಹಿಂದ ಎಳದು ಅರಿವಿ ಕಟ್ಟಿದಳು. ಕಿವಿಯೊಳಗ ಹತ್ತಿಯ ಅರಳಿ ತುಂಬಿದಳು. ಮೂಗಿಗೆ ಔಡಲ ಎಲಿಯ ಎರಡು ಪೊಳ್ಳು ದಂಟು ಸಿಗಿಸಿದ್ರು, ಉಸರಾಡಾಕ. ಕಾಕಾ ಹಿಟ್ಟು ಉದರಿಸೂದರಾಗ ಆಯಿ ಬಂದಳು. ವಿಭೂತಿ ಇಲ್ಲದ ನಮ್ಮನಿಯಾಗ ಬೀಜಾ ಬಿತ್ತತಿರಲಿಲ್ಲ, ಎಮ್ಮಿ ಕರಾ ಹಾಕಿದ್ರೂ ಮೊದಲು ವಿಭೂತಿ. ಎಣ್ಣಿ ಮ್ಯಾಲ ವಿಭೂತಿ ನಿಂದರೂದಿಲ್ಲ, ಜಾರತೈತಿ. ಅದಕ್ಕ ಆಯಿ ತನ್ನ ಸೆರಗಿಲೆ ನನ್ನ ಹಣಿ ಒರಸಿದಳು, ಹುಬ್ಬಿನ ತನಕಾ ಚಲೋತಂಗ, ಒತ್ತಿ ಒತ್ತಿ. ಆಮ್ಯಾಲ ಮೂರು ಬೆರಳಿಲೆ ಅಡ್ಡ ಗೆರಿ ಎಳದಳು. ಕಾಕಾ ಗಡಗಿ ಕಡೆ ನೋಡತಿದ್ದ, ಅಕ್ಕ ದಂಟು ಹಿಡಕೊಂಡಿದ್ದಳು. ಯಾರಿಗೂ ತಿಳೀಲಿಲ್ಲ. ತಿಳದಿದ್ರೂ ಆಯಿ ಹಚ್ಚಿದ ವಿಭೂತಿ ಮ್ಯಾಲ ಎಣ್ಣಿ ಸವರೂ ಧೈರ್ಯ ಆ ಮನಿಯಾಗ ಯಾರಿಗಿತ್ತು. "ಇನ್ನ ಮಾತಾಡಬ್ಯಾಡ, ನಗಬ್ಯಾಡ, ಸೀನಬ್ಯಾಡ," ಅಂದ ಕಾಕಾ. "ಅಳ್ಳಾಡಿದ್ರ ಗೌರಿ ಸೊಟ್ಟ ಆಗತಾಳ. ಹತ್ತು ಸಲ ನೂರು ಎಣಸು." ಕಣ್ಣು ಮುಚ್ಚಿದೆ. ತಣ್ಣಗ ಗದ್ದದ ಮ್ಯಾಲ ಬಿತ್ತು, ತುಟಿ ಮುಚ್ಚಿತು, ಗಲ್ಲ ಮುಚ್ಚಿತು, ಕಣ್ಣು ಮುಚ್ಚಿತು, ಕಡೀಕ ಹಣಿ. ಹಸೀ ಮಣ್ಣಿನಾಗ ಹುಗದಂಗ ಆತು. ದಂಟಿನಾಗ ನನ್ನ ಉಸರು ಸುಂಯ್ ಅಂತ ಹೋಗಿ ಬರೂದು ನನಗ ಕೇಳತಿತ್ತು.

ಮೂವತ್ತೋ ನಲವತ್ತೋ ಎಣಸಿದ್ದೆ. ಆಯಿ ಮಾತು ಸುರು ಮಾಡಿದಳು. "ನೀಲಾ, ನಿಮ್ಮಪ್ಪ ನಿನ್ನಿ ಜತ್ತದ ಸಂತಿಯೊಳಗ ಶೇಗಾಂವದವರಿಗೆ ಭೆಟ್ಟಿ ಆಗಿದ್ದ. ಅವರು ಖುಲ್ಲಾ ಹೇಳ್ಯಾರ. ದೀಪಾವಳಿ ಆದ ಮ್ಯಾಲ ಇನ್ನೊಂದು ಹೆಣ್ಣು ತರತೀವಿ ಅಂದಾರ. ನಿಮ್ಮನಿಯಾಗ ಸಣ್ಣಾಕಿ ಅದಾಳ, ಆಕಿನ್ನ ಕೊಟ್ರ ಹೊರಗ ಯಾಕ ಹೋಗೂಣು ಅಂತಾರ." ಬಾಗಲ ಕಡಿಂದ ಅವ್ವ ಸಣ್ಣ ದನಿಲೆ, "ಅತ್ತೀ, ಹುಡುಗಿ ಕೇಳತಾಳ್ರಿ," ಅಂದಳು. "ಕಿವಿ ತುಂಬ ಅರಳಿ ಐತಿ, ಏನ ಕೇಳತಾಳ," ಅಂದಳು ಆಯಿ. ಅರಳಿಗೆ ಮಾತು ನಿಂದರೂದಿಲ್ಲ. ಮೆತ್ತಗಾಗಿ ಬರತೈತಿ ಅಷ್ಟ. ಕಾಕಾ ಅಂದ, "ಅವ್ವಾ, ಇಬ್ಬರನ್ನ ಮಾಡಿಕೊಳ್ಳಾಕ ಈಗ ಬರೂದಿಲ್ಲ. ಕಾಯ್ದೆ ಐತಿ." "ಕಾಯ್ದೆ ಜತ್ತದಾಗ ಇರತೈತಿ. ಶೇಗಾಂವಕ್ಕ ಅದು ಇನ್ನಾ ನಡಕೋಂತ ಬರಬೇಕು. ನೀ ನಿನ್ನ ಸುಣ್ಣ ನೋಡು." ಆಮ್ಯಾಲ ಆಯಿ ದನಿ ಸ್ವಲ್ಪ ಮೆತ್ತಗ ಮಾಡಿ, ಅಕ್ಕಗ ಬುದ್ಧಿ ಹೇಳೂ ಹಂಗ, ಅಂದಳು: "ಹೊರಗಿನಾಕಿ ಬಂದ್ರ ನಿನ್ನ ದನದ ಹಟ್ಟ್ಯಾಗ ಹಾಕತಾಳ. ತಂಗಿ ಬಂದ್ರ ಹಂಗಿಲ್ಲ. ಗೌರ್ಯಾರು ಇಬ್ಬರು, ಅಕ್ಕ-ತಂಗಿ, ಒಂದ ಮನಿಯಾಗ ಒಂದ ಮಣಿ ಮ್ಯಾಲ ನಿಂದರೂದಿಲ್ಲೇನು? ಅವರು ಜಗಳಾಡಿದ್ದು ಯಾರರ ನೋಡೀರೇನು? ಇಕಿ ಹಡದದ್ದು ನಿನ್ನ ಉಡ್ಯಾಗ ಬೀಳತೈತಿ. ಏನಂತಿ?"

ಅಕ್ಕನ ಬೆರಳು ನನ್ನ ಮೂಗಿನ ಮ್ಯಾಲ, ದಂಟಿನ ಬುಡಕ್ಕ ಇದ್ವು. ಅವು ಅಳ್ಳಾಡಲಿಲ್ಲ. "ಹಾಲಿಗೆ ಹೆಪ್ಪು ಹಾಕಿದ ಮ್ಯಾಲ ಹಾಲನ್ನ ಏನ ಕೇಳತಿ, ಆಯಿ," ಅಂದಳು. ನಾನು ಎಣಕಿ ಮರತಿದ್ದೆ. ಅಕ್ಕನ ಗಂಡಗ ನಾವು ಮಾಮಾ ಅಂತಿದ್ವಿ. ನನಗಿಂತ ಹದಿನೆಂಟು ವರ್ಷ ದೊಡ್ಡಾಂವ. ಬಂದಾಗೊಮ್ಮೆ ಬತ್ತಾಸ ಕೊಟ್ಟು, "ಏ ಸಣ್ಣ ಹೆಂಡತಿ, ಎಲಿ-ಅಡಕಿ ತಾ," ಅಂತಿದ್ದ. ಎಲ್ಲಾ ಮಾಮಾಗೋಳೂ ಅಂತಾರ, ಎಲ್ಲಾರೂ ನಗತಿದ್ರು, ನಾನೂ ನಕ್ಕಿದ್ದೆ. ಈಗ ಅದ ಮಾತು ಮಾರಿ ಮ್ಯಾಲ ಕುಂತಿತ್ತು. ಒದರಬೇಕಂದ್ರ ತುಟಿ ಬಿಚ್ಚಲಿಲ್ಲ. ಕಣ್ಣು ತಗೀಬೇಕಂದ್ರ ರೆಪ್ಪಿ ಮ್ಯಾಲ ಕಲ್ಲು. ಹಲ್ಲು ಕಡದೆ, ಹುಬ್ಬು ಗಂಟು ಹಾಕಿದೆ. ಅಷ್ಟ ನನ್ನ ಕೈಯಾಗಿತ್ತು. ಹಿಟ್ಟು ಇನ್ನಾ ಮೆತ್ತಗಿತ್ತು, ಅದು ಹಂಗ ಆ ಗಂಟನ್ನ ಹಿಡಕೊಂಡಿತು. ಮೂಗಿನಾಗಿಂದ "ಊಂ" ಅಂದೆ. "ಸುಮ್ಮ ಇರು, ಇನ್ನ ಸ್ವಲ್ಪ," ಅಂದ ಕಾಕಾ. ಬಿಸಿ ಏರಾಕ ಹತ್ತಿತು. ಮೊದಲು ಜ್ವರದ ಕೈ ಇಟ್ಟಂಗ, ಆಮ್ಯಾಲ ಒಲಿ ಮುಂದ ಮಾರಿ ಹಿಡದಂಗ. ಹೊಸಾ ರೊಟ್ಟಿ ಅರಿವ್ಯಾಗ ಸುತ್ತಿ ಇಟ್ಟಾಗ ಬೆವರತೈತಲ್ಲ, ಒಳಗ ಹಂಗ ಬೆವತೆ. ಕಣ್ಣೀರು ಹೊರಗ ಬರಾಕ ಜಾಗಾ ಇಲ್ಲದ ರೆಪ್ಪಿಯೊಳಗ ಕಾಯಾಕ ಹತ್ತಿತು. ಮ್ಯಾಲ ಅವರು ನನ್ನ ಲಗ್ನದ ಮಾತು ಆಡಿಕೋಂತ ಇದ್ರು. ದೀಪಾವಳಿಗಿಂತ ಮೊದಲೋ ಆಮ್ಯಾಲೋ, ಸೀರಿ ಜತ್ತದಾಗ ತಗೊಳ್ಳೂದೋ ಬಿಜಾಪುರದಾಗೋ. ಎರಡೂ ಸಲದ ಖರ್ಚು ಒಂದ ಮನಿಗೆ ಆತು ಅಂತ ಆಯಿ ಅಂದಳು. ಯಾರೂ ಸಿಟ್ಟಿನಾಗ ಇರಲಿಲ್ಲ. ಕಾಳು ಹಸನ ಮಾಡಿಕೋಂತ ಆಡೂ ಮಾತಿನಂಗ ಇದ್ವು.

ಕಾಕಾ ಉಗುರಿಲೆ ಬಡದು ನೋಡಿ, "ಆತು," ಅಂದ. ಗದ್ದದ ಕಡಿಂದ ಎತ್ತಿದ. ಗದ್ದ ಬಿಟ್ಟಿತು, ತುಟಿ ಬಿಟ್ಟಿತು, ಗಲ್ಲ ಬಿಟ್ಟಿತು. ಹುಬ್ಬಿಗೆ ಬಂದು ನಿಂತಿತು. ಹಣಿ ಅಂಚಿನ ಕೂದಲಾ, ಹುಬ್ಬಿನ ಕೂದಲಾ, ಬೇರು ಬಿಟ್ಟಂಗ ಅದರೊಳಗ ಹೋಗಿದ್ವು. ಎಳದ್ರ ನನ್ನ ತಲಿ ಮ್ಯಾಲ ಬರತಿತ್ತು. "ಇಲ್ಲಿ ಎಣ್ಣಿ ಯಾರು ಒರಸಿದ್ರು?" ಅಂದ ಕಾಕಾ. ಆಯಿ ಅಂದಳು, "ನಾ ವಿಭೂತಿ ಹಚ್ಚಿದ್ದೆ. ವಿಭೂತಿಯಿಂದ ಯಾರಿಗೂ ಏನೂ ಆಗೂದಿಲ್ಲ." ಅವ್ವ ಅಂದಳು, ಕಲ್ಲು ತಗೊಂಡು ಒಡೀರಿ, ಹುಡುಗಿ ಉಸರು ಹೋಗತೈತಿ. "ಒಡೀಬ್ಯಾಡ್ರಿ," ಅಂದಳು ಆಯಿ, "ಅದು ಗೌರಿ ಮಾರಿ. ಹಬ್ಬ ಎಂಟು ದಿನ ಐತಿ. ಒಡದ್ರ ಮನಿಗೆ ಚಲೋ ಅಲ್ಲ. ತೋಯಸಿ ಕುಂದರಸ್ರಿ, ತಾನ ಬಿಡತೈತಿ." ಕಣ್ಣಿನ ಮ್ಯಾಲ ಅದು ಚಪ್ಪರದ ಹಂಗ ಜೋತಾಡತಿತ್ತು, ಬಾಯಿ ಮಾತ್ರ ಖುಲ್ಲಾ ಆಗಿತ್ತು. ಖುಲ್ಲಾ ಆದ ಕೂಡಲೆ ನಾನು ಅಂದೆ, "ನಾ ಶೇಗಾಂವಕ್ಕ ಹೋಗಂಗಿಲ್ಲ."

"ಕೇಳಿಯೇನು ಹಂಗಾರ," ಅಂದಳು ಆಯಿ. "ಹೋಗಂಗಿಲ್ಲ ಅನ್ನಾಕ ನೀ ಯಾರ? ನಾ ಈ ಮನಿಗೆ ಬರೂಮುಂದ ನನ್ನ ಕೇಳಿದ್ರೇನು?" ಅಷ್ಟರಾಗ ನನ್ನ ಎರಡೂ ಗಲ್ಲಕ್ಕ ತಣ್ಣನ ಕೈ ಬಂದ್ವು. ಅಕ್ಕ. "ಹಲ್ಲು ಕಡಿ," ಅಂದಳು. ಕಡದೆ. ಅಚ್ಚಿನ ಅಂಚು ಹಿಡದು ಒಂದ ಸಲಕ್ಕ ಕಿತ್ತಳು. ಹುಬ್ಬಿನ ಕೂದಲಾ ಎಲ್ಲಾ ಅದರ ಜೋಡಿ ಹೋದ್ವು, ಹಣಿ ಮ್ಯಾಲ ಎರಡು ಬೆರಳು ಕೂದಲಾನೂ ಹೋದ್ವು. ಬೆಳಕಿಂಡಿ ಬೆಳಕು ಸೂಜಿ ಚುಚ್ಚಿದಂಗ ಕಣ್ಣಿಗೆ ಬಂತು. ಅಚ್ಚು ಅಕ್ಕನ ಕೈಯಾಗಿಂದ ಜಾರಿತೋ, ಅಕಿ ಬಿಟ್ಟಳೋ, ನೆಲಕ್ಕ ಬಿದ್ದು ಮೂಗಿನ ನಡುವ ಒಡದು ಎರಡು ಹೋಳಾತು. ಅಕ್ಕ ನನ್ನ ಕಡೆ ನೋಡಲಿಲ್ಲ, ಆ ಹೋಳಿನ ಕಡೆನೂ ನೋಡಲಿಲ್ಲ. ಆಯಿಗೆ ಅಂದಳು: "ಹೊರಗಿನಾಕಿನ್ನ ತರಲಿ. ಹೊರಗಿನಾಕಿಗೆ ನಾ ಬೈಬಹುದು. ಹೊಟ್ಟಿ ತುಂಬ ಬೈಬಹುದು. ಇಕಿ ಬಂದ್ರ ನಾ ಯಾರಿಗೆ ಬೈಲಿ?" ಐದು ವರ್ಷದಾಗ ಅಕಿ ಆಡಿದ ಉದ್ದನ ಮಾತು ಅದು. ಆಯಿ ಕಣ್ಣು ನೆಲದ ಮ್ಯಾಲಿನ ಎರಡು ಹೋಳಿನ ಮ್ಯಾಲ ಇತ್ತು. ಮೊಮ್ಮಗಳ ಅಳುವಿಗೆ, ಕಾಯ್ದೆಗೆ, ಯಾವುದಕ್ಕೂ ಅಂಜದ ಹೆಂಗಸು ಅದಕ್ಕ ಅಂಜಿದಳು. ಸಂಜೀಕ ಅಪ್ಪ ಹೊಲದಿಂದ ಬಂದಾಗ ಕಾಲಿಗೆ ನೀರು ಕೊಡೂದಕ್ಕಿಂತ ಮೊದಲ ಅಂದಳು, "ಶೇವಂತಿದು ಬ್ಯಾಡ. ಗೌರಿ ಎರಡು ಹೋಳ ಆಗ್ಯಾಳ. ಇಬ್ಬರು ಒಂದ ಕಡೆ ನಿಂದರೂದಿಲ್ಲ ಅಂದಾಳ." ಅಪ್ಪ ನನ್ನ ಮಾರಿ ನೋಡಿ, ಏನಾತು ಅಂತ ಸೈತ ಕೇಳಲಿಲ್ಲ.

ಕಾಕಾ ಹೋಳು ಒಗೀಲಿಲ್ಲ. ಎರಡನ್ನೂ ಅದ ಹಿಟ್ಟಿಲೆ ಕೂಡಿಸಿ ಒಳಗ ಸಾಬಾಣ ಸವರಿ ಎಂಟು ದಿನದಾಗ ನಲವತ್ತು ಮಾರಿ ತಗದ. ಎಲ್ಲಾ ಮಾರಿಗೂ ಮೂಗಿನ ಮ್ಯಾಲ ಒಂದು ಗೆರಿ, ಹುಬ್ಬಿನ ನಡುವ ಒಂದು ಗಂಟು. ಗೆರಿ ತಿಕ್ಕಿ ಅಳಿಸಿದ, ಗಂಟು ಹೋಗಲಿಲ್ಲ. ಮೊದಲಿನ ಎರಡಕ್ಕ ನನ್ನ ಹುಬ್ಬಿನ ಖರೇ ಕೂದಲಾ ಹತ್ತಿಕೊಂಡು ಬಂದಿದ್ವು, ಅವನ್ನ ಮಾರಲಿಲ್ಲ, ಮನಿಗೆ ಇಟ್ಟುಕೊಂಡ್ವಿ. ಸಂತಿಯೊಳಗ ಹೆಂಗಸರು, "ಈ ಗೌರಿ ಸಿಟ್ಟಿನಾಕಿ ಅದಾಳಲ್ಲೋ ಸಂಗಪ್ಪಾ," ಅಂದ್ರ, "ಸಿಟ್ಟಿನಾಕಿ ಮನಿ ಕಾಯ್ತಾಳ, ತಗೋರಿ," ಅಂತಿದ್ದ. ಎಲ್ಲಾ ಹೋದ್ವು. ಶೇಗಾಂವಕ್ಕ ಹೋದ್ವು, ಸೋನ್ಯಾಳಕ್ಕ ಹೋದ್ವು. ಹಬ್ಬದ ದಿನ ನಮ್ಮ ಪಡಸಾಲಿಯಾಗ ಎರಡು ಡಬ್ಬಿ ಮ್ಯಾಲ ನನ್ನ ಮಾರಿ ಎರಡು ನಿಂತಿದ್ವು, ಹಸರ ಸೀರಿ ಉಟ್ಟು, ಮೂಗಿಗೆ ನತ್ತು ಹಾಕಿಕೊಂಡು. ನಾನು ಹುಬ್ಬಿಲ್ಲದ ಹಣಿಗೆ ಅರಿಷಿಣ ಮೆತ್ತಿಕೊಂಡು ಅಡಗಿ ಮನಿ ಬಾಗಲದಾಗ ಕುಂತಿದ್ದೆ. ಆಯಿ ಆರತಿ ಬೆಳಗಿದಳು, ಗಲ್ಲ ಗಲ್ಲ ಬಡಕೊಂಡಳು. ಆ ಮಾರಿಗೆ ಕೈ ಮುಗದಳು, ನನ್ನ ಜೋಡಿ ಮಾತ್ರ ಆರು ತಿಂಗಳು ಮಾತಾಡಲಿಲ್ಲ.

ದೀಪಾವಳಿ ಆದ ಮ್ಯಾಲ ಶೇಗಾಂವದವರು ಗಾಡಿ ಕಳಿಸಿದ್ರು. ಅಕ್ಕನ್ನ ಕರಿಯಾಕ. ಎರಡನೇ ಲಗ್ನದಾಗ ಮೊದಲಿನಾಕಿ ಕಣ್ಣಮುಂದ ಇರಬೇಕು, ಇಲ್ಲಂದ್ರ ಮಂದಿ ಏನಂತಾರ. ಅಕ್ಕ ಗಾಡಿ ಹತ್ತಿದಳು. ಹೊಸಾಕಿಗೆ ಆರತಿ ಅಕಿನ ಬೆಳಗಿದಳಂತ. ಹೊಸಾಕಿ ಹೆಸರು ಚನ್ನವ್ವ, ಬಿಜಾಪುರ ಕಡೆಯಾಕಿ, ನನ್ನ ವಾರಗಿಯಾಕಿ, ನನ್ನಂಗ ಕರ್ರಗ. ನನ್ನ ಹುಬ್ಬು ತಿರುಗಿ ಬಂದ್ವು, ಎಡಗಡೆದು ಅರ್ಧ. ಎರಡು ವರ್ಷಕ್ಕ ನನ್ನ ಸೋನ್ಯಾಳಕ್ಕ ಕೊಟ್ಟರು. ಆಗೂ ಯಾರೂ ಕೇಳಲಿಲ್ಲ. ಆ ಮನಿಯದು ಬ್ಯಾರೆ ಕತಿ, ಅದನ್ನ ಬರಿಯೂದಿಲ್ಲ. ಒಂದು ಕಡೆ ಪಾರಾದೆ, ಇನ್ನೊಂದು ಕಡೆ ಪಾರಾಗಲಿಲ್ಲ ಅಂದ್ರ ಸಾಕು. ಕಾಕಾ ಐದಾರು ವರ್ಷ ಮಾರಿ ಮಾಡಿದ. ಒಂದು ಮಳಿಗಾಲದಾಗ ಜ್ವರಾ ಬಂದು ಹೋದ. ಅಂವ ಮಲಗಿದಾಗ ಬೆಳಕಿಂಡಿ ಗಡಗಿ ಯಾರೂ ನೋಡಲಿಲ್ಲ, ಹಿಟ್ಟಿನ ಚೀಲಕ್ಕ ನೀರು ಇಳದು ಚೀಲದ ಆಕಾರಾನ ಕಲ್ಲಾತು, ಹೊಲಗಿ ಗುರುತು ಸೈತ ಹಂಗ ಇತ್ತು. ಆಯಿ ಅದರ ಮ್ಯಾಲ ಕುಂತು ಬತ್ತಿ ಹೊಸೀತಿದ್ದಳು. ಆಯಿ ಹೋದಳು, ಅಪ್ಪ ಹೋದ, ಅವ್ವ ಹೋದಳು. ಮಾಳಿಗಿ ಕುಸೀತು.

ಶೇಗಾಂವಕ್ಕ ನಾನು ವರ್ಷಕ್ಕ ಒಂದೋ ಎರಡೋ ಸಲ ಹೋಗತಿದ್ದೆ. ಓಣಿ ತಿರುಗೂದರಾಗ ಅಕ್ಕನ ದನಿ ಕೇಳತಿತ್ತು. "ಏ ಕತ್ತಿ, ಹಾಲು ಉಕ್ಕತೈತಿ ನೋಡು. ನಿಮ್ಮವ್ವ ಕಣ್ಣು ಕೊಟ್ಟಾಳೋ ಗೋಟಿ ಕೊಟ್ಟಾಳೋ." ಮುಂಜಾನೆ ಎದ್ದು ಕಸಾ ಹೊಡಿಯೂದರಿಂದ ಹಾಸಗಿ ಹಾಸೂ ತನಕಾ ಬೈಗಳ. ರೊಟ್ಟಿ ದಪ್ಪಾದ್ರ ಬೈಗಳ, ತೆಳ್ಳಗಾದ್ರ ಬೈಗಳ. ಐದು ವರ್ಷ ಬಾಯಿ ಬಿಡದಾಕಿ ಹೆಂಗ ಬೈತಾಳ ಅಂತ ನಾನು ಕುಂತು ಕೇಳತಿದ್ದೆ. ಚನ್ನವ್ವ ತಿರುಗಿ ಮಾತಾಡತಿರಲಿಲ್ಲ. ಒಮ್ಮೊಮ್ಮೆ ನನ್ನ ಕಡೆ ನೋಡಿ ನಕ್ಕು, "ಇವತ್ತ ಇನ್ನಾ ಕಡಿಮಿ ಐತಿ, ನೀವು ಬಂದೀರಂತ," ಅಂತಿದ್ದಳು. ನಾಕು ಮಕ್ಕಳನ್ನ ಹಡದಳು. ಮಕ್ಕಳು ಅಕ್ಕಗ ದೊಡ್ಡವ್ವ ಅಂತಿದ್ವು, ಅಕಿ ಮಗ್ಗಲದಾಗ ಮಲಗತಿದ್ವು. ಮಾಮಾ ಸತ್ತ. ಆಮ್ಯಾಲೂ ಇಬ್ಬರೂ ಅದ ಮನಿಯಾಗ, ಒಬ್ಬಾಕಿ ಬೈಯೂದು, ಒಬ್ಬಾಕಿ ಕೇಳೂದು.

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಸೋನ್ಯಾಳದಿಂದ ಸಿಕ್ಕ ಗಾಡಿ ಹಿಡಕೊಂಡು ಹೋದೆ. ಅಕ್ಕನ್ನ ಗ್ವಾಡಿಗೆ ಆನಿಸಿ ಕುಂದರಿಸಿದ್ರು, ಹಣಿ ತುಂಬ ವಿಭೂತಿ. ಮಧ್ಯಾಹ್ನದ ಹೊತ್ತಿಗೆ ಒಯ್ದರು. ಗಂಡಸರು ಹೋದ ಮ್ಯಾಲ ಮನಿಯಾಗ ಹೆಂಗಸರು ನೆಲಾ ತೊಳದು ಒಬ್ಬೊಬ್ಬರ ಎದ್ದು ಹೋದ್ರು. ಚನ್ನವ್ವ ಅಡಗಿ ಮನಿಯಾಗ ಒಲಿ ಮುಂದ ಕುಂತಿದ್ದಳು, ಒಲಿ ಹಚ್ಚಿರಲಿಲ್ಲ. ನಾನು ಹೋಗಿ ಮಗ್ಗಲದಾಗ ಕುಂತೆ. "ಇನ್ನ ನನಗ ಬೈಯಾಕ ಯಾರೂ ಇಲ್ಲ, ಅಕ್ಕಾರ," ಅಂದಳು. ಅಂದು ಅಳಾಕ ಹತ್ತಿದಳು, ಸಣ್ಣ ಹುಡುಗಿ ಅತ್ತಂಗ, ಮೂಗು ಸುರಿಸಿಕೋಂತ. ನಾನು ಬೆನ್ನ ಮ್ಯಾಲ ಕೈ ಇಟ್ಟೆ. ನನಗ ಅಳು ಬರಲಿಲ್ಲ. ಆ ಒಲಿ ಮುಂದ ನಾನು ಕುಂದರಬೇಕಾಗಿತ್ತು, ಚನ್ನವ್ವ ನಲವತ್ತು ವರ್ಷ ಕುಂತಿದ್ದಳು. ಅದು ಅಕಿಗೆ ಗೊತ್ತಿತ್ತೋ ಇಲ್ಲೋ, ಅವತ್ತು ಕೇಳಲಿಲ್ಲ. ಆಮ್ಯಾಲೂ ಕೇಳಲಿಲ್ಲ.